ಪಾರ್ಟಿಷನ್ ಬದಲಿಸಿದ ಮೇಲೆ ವಿಂಡೋಸ್ ಇನ್‌ಸ್ಟಾಲ್ ಆಗುತ್ತಿಲ್ಲ, ಏನು ಮಾಡಲಿ?

ವಿಜಯನಗರದಿಂದ ಪ್ರಶ್ನೆ:
ಲ್ಯಾಪ್‌ಟಾಪ್‌ನ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಸಿ ಡ್ರೈವ್ ಅಳಿಸಿ ಜಾಗವನ್ನು ಹೊಸದಾಗಿ ಹಂಚಿದ್ದೇನೆ. ವಿಂಡೋಸ್ 11, ಪಕ್ಕದಲ್ಲಿ ಉಬುಂಟು (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕುವ ಯೋಚನೆ. ಆದರೆ ‘ಈ ಡಿಸ್ಕ್‌ನಲ್ಲಿ ಎಂಬಿಆರ್ ಪಾರ್ಟಿಷನ್ ಟೇಬಲ್ ಇದೆ, ಇಲ್ಲಿ ಇನ್‌ಸ್ಟಾಲ್ ಮಾಡಲಾಗದು’ ಎಂದು ಬರುತ್ತಿದೆ. ಡಿ ಡ್ರೈವ್ ತುಂಬ ಮನೆಯವರ ಫೋಟೊಗಳಿವೆ. ಅವು ಉಳಿಯಬೇಕು.

ಜಯನಗರದಿಂದ:
ಗಾಬರಿ ಬೇಡ, ಡಿಸ್ಕ್ ಕೆಟ್ಟಿಲ್ಲ. ಜಾಗವನ್ನು ಎಷ್ಟು ಸಲ ಹಂಚಿದರೂ ಪಾರ್ಟಿಷನ್ ಟೇಬಲ್‌ನ (ಡಿಸ್ಕ್‌ನ ಭಾಗಗಳ ಪಟ್ಟಿಯ) ಬಗೆ ಬದಲಾಗುವುದಿಲ್ಲ. ತೊಡಕು ಅಲ್ಲೇ ಇದೆ. ನಿಮ್ಮ ಪೆನ್‌ಡ್ರೈವ್ ಯುಇಎಫ್‌ಐ (ಕಂಪ್ಯೂಟರ್ ಶುರುವಾಗುವ ಹೊಸ ವಿಧಾನ) ಮೋಡ್‌ನಲ್ಲಿ ಬೂಟ್ ಆಗಿದೆ. ಆ ಮೋಡ್‌ನಲ್ಲಿ ವಿಂಡೋಸ್‌ಗೆ ಜಿಪಿಟಿ ಎಂಬ ಹೊಸ ಬಗೆಯ ಟೇಬಲ್ ಇರುವ ಡಿಸ್ಕೇ ಬೇಕು. ನಿಮ್ಮದು ಹಳೆಯ ಬಗೆಯ ಎಂಬಿಆರ್.

ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಯುಇಎಫ್‌ಐ ಎಂದು ಬರೆಯದಿರುವುದನ್ನು ಆರಿಸಿ ಎನ್ನುವವರಿದ್ದಾರೆ. ವಿಂಡೋಸ್ 10ಕ್ಕೆ ಅದು ನಡೆಯುತ್ತಿತ್ತು. ಆದರೆ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು, 11 ಯುಇಎಫ್‌ಐಯನ್ನೇ ಕೇಳುತ್ತದೆ.

ಖಚಿತ ಮಾಡಿಕೊಳ್ಳಲು ಇನ್‌ಸ್ಟಾಲ್ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒತ್ತಿ. ಕಪ್ಪು ಕಿಟಕಿ ಬರುತ್ತದೆ. ಡಿಸ್ಕ್‌ಪಾರ್ಟ್, ಆಮೇಲೆ ಲಿಸ್ಟ್ ಡಿಸ್ಕ್ ಎಂದು ಟೈಪ್ ಮಾಡಿ. ಜಿಪಿಟಿ ಕಾಲಂನಲ್ಲಿ ನಕ್ಷತ್ರ ಇಲ್ಲದಿದ್ದರೆ ಅದು ಎಂಬಿಆರ್. ಇಷ್ಟಕ್ಕೇ ನಿಲ್ಲಿಸಿ! ‘ಕ್ಲೀನ್ ಕೊಟ್ಟುಬಿಡಿ’ ಎಂದು ವಿಡಿಯೋಗಳಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಕ್ಲೀನ್ ಕೊಟ್ಟರೆ ಡಿಸ್ಕ್‌ನ ಎಲ್ಲಾ ಪಾರ್ಟಿಷನ್‌ಗಳೂ ಹೋಗುತ್ತವೆ, ನಿಮ್ಮ ಡಿ ಕೂಡ.

ಮಲ್ಲೇಶ್ವರದಿಂದ:
ಎಂಬಿಆರ್‌2ಜಿಪಿಟಿ ಅಂತ ಮೈಕ್ರೋಸಾಫ್ಟ್‌ನದೇ ಸಾಧನ ಇದೆ, ಡೇಟಾ ಅಳಿಸದೆ ಬದಲಿಸುತ್ತದೆ. ಆದರೆ ಡಿಸ್ಕ್‌ನಲ್ಲಿ ವಿಂಡೋಸ್ ಇದ್ದರೆ ಮಾತ್ರ. ನೀವು ಸಿ ಅಳಿಸಿಬಿಟ್ಟಿದ್ದೀರಲ್ಲ, ಪರೀಕ್ಷೆಯ ಹಂತದಲ್ಲೇ ಅದು ಬೇಡ ಎನ್ನುತ್ತದೆ. ಸುಮ್ನೆ ಅದರ ಹಿಂದೆ ಬೀಳಬೇಡಿ.

ಹೇಗೂ ಉಬುಂಟು ಹಾಕುತ್ತೀರಿ ಅಲ್ವಾ? ಅದರ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆರಿಸಿ. ಡಿ ಡ್ರೈವ್ ತೆರೆದುಕೊಳ್ಳುತ್ತದೆ. ಓದಲು ಮಾತ್ರ ಬಿಟ್ಟರೂ ಚಿಂತೆಯಿಲ್ಲ, ಕಾಪಿಗೆ ಅಷ್ಟು ಸಾಕು. ಎಲ್ಲವನ್ನೂ ಎಕ್ಸ್‌ಟರ್ನಲ್ ಡ್ರೈವ್‌ಗೆ ಹಾಕಿ, ನಾಲ್ಕಾರು ಫೋಟೊ ತೆರೆದು ನೋಡಿ. ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಬೇಕಾಗುತ್ತದೆ. ಡಿ ಕಾಣದೇ ಇದ್ದರೆ ಆ ಡಿಸ್ಕ್‌ಗೆ ಏನನ್ನೂ ಬರೆಯದೆ ಟೆಸ್ಟ್‌ಡಿಸ್ಕ್ (ಕಳೆದ ಪಾರ್ಟಿಷನ್ ಹುಡುಕುವ ಸಾಧನ) ಓಡಿಸಿ ನೋಡಿ.

ಜಿಡಿಸ್ಕ್ ಎಂಬ ಪಾರ್ಟಿಷನ್ ಸಾಧನದಿಂದ ಡಿ ಉಳಿಸಿಕೊಂಡೇ ಜಿಪಿಟಿಗೆ ಬದಲಿಸಬಹುದು. ಆದರೆ ಕಾಪಿ ಹೊರಗೆ ಬಂದ ಮೇಲೆ ಆ ಸಾಹಸ ಯಾಕೆ? ಆಗ ಡಿಸ್ಕ್‌ಪಾರ್ಟ್‌ನಲ್ಲಿ ಲ್ಯಾಪ್‌ಟಾಪ್‌ನ ಡಿಸ್ಕನ್ನೇ ಆರಿಸಿ ಧೈರ್ಯವಾಗಿ ಕ್ಲೀನ್, ಕನ್ವರ್ಟ್ ಜಿಪಿಟಿ ಕೊಡಿ.

ವಿಜಯನಗರದಿಂದ:
ಬಿಟ್‌ಲಾಕರ್ ಹಾಕಿಲ್ಲ. ಡಿ ತೆರೆಯಿತು, ಫೋಟೊಗಳು ಇವೆ! ಅಣ್ಣನ ಎಕ್ಸ್‌ಟರ್ನಲ್ ಡ್ರೈವ್‌ಗೆ ಕಾಪಿ ಆಗುತ್ತಿದೆ.

ಕೆಂಗೇರಿಯಿಂದ:
ನನ್ನ ಮಾತು ಕೇಳಿದರೆ ಹಾರ್ಡ್ ಡಿಸ್ಕನ್ನೇ ಬಿಡಿ. ಎಸ್.ಪಿ. ರೋಡ್‌ಗೆ ಹೋಗಿ, ಎರಡು ಮೂರು ಅಂಗಡಿಯಲ್ಲಿ ಬೆಲೆ ಕೇಳಿ, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡ್ರೈವ್) ತನ್ನಿ. ಹಳೆಯದಕ್ಕೆ ಯುಎಸ್‌ಬಿ ಕೇಸ್ ಹಾಕಿದರೆ ಫೋಟೊ ಇಡಲು ಆಯಿತು. ಹೊಸ ಎಸ್‌ಎಸ್‌ಡಿ ಇನ್‌ಸ್ಟಾಲರ್‌ನಲ್ಲಿ ಕಾಣದಿದ್ದರೆ ಬಯಾಸ್‌ನಲ್ಲಿ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಡ್ರೈವ್‌ಗಳನ್ನು ನಿರ್ವಹಿಸುವ ಇಂಟೆಲ್ ವಿಎಂಡಿ ಆನ್ ಇದೆಯಾ ನೋಡಿ. ಇದ್ದರೆ ಅದರ ಡ್ರೈವರನ್ನು ಪೆನ್‌ಡ್ರೈವ್‌ನಿಂದ ಲೋಡ್ ಮಾಡಬೇಕು.

ಜಯನಗರದಿಂದ:
ಎಸ್‌ಎಸ್‌ಡಿ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಖರ್ಚು ಮಾಡಲೇಬೇಕು ಅಂತೇನಿಲ್ಲ. ಮೊದಲು ವಿಂಡೋಸ್ ಹಾಕಿ, ಉಬುಂಟುಗೆ ಬೇಕಾದ ಜಾಗವನ್ನು ಖಾಲಿ ಬಿಡಿ. ಉಬುಂಟು ಪೆನ್‌ಡ್ರೈವನ್ನೂ ಯುಇಎಫ್‌ಐಯಲ್ಲೇ ಬೂಟ್ ಮಾಡಿ. ಕೈಯಾರೆ ಪಾರ್ಟಿಷನ್ ಆರಿಸುವುದಾದರೆ ಎಫ್‌ಎಟಿ32 ಎಂದಿರುವ ಚಿಕ್ಕ ಇಎಫ್‌ಐ ಭಾಗಕ್ಕೆ ಫಾರ್ಮ್ಯಾಟ್ ಟಿಕ್ ಹಾಕಬೇಡಿ. ವಿಂಡೋಸ್‌ನ ಬೂಟ್ ಫೈಲ್‌ಗಳೂ ಅಲ್ಲೇ ಇರುತ್ತವೆ.