ಹಳೆಯ ಪದ್ಮಿನಿಯ ತಳಕ್ಕೆ ಪ್ಲೇಟ್ ಬೆಸೆಯುವಾಗ ಒಳಗಿನಿಂದ ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಪದ್ಮಿನಿ_ಕೆಎ17 (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಎಂಜಿನ್ ಸುಸ್ಥಿತಿಯಲ್ಲಿದೆ, ಆದರೆ ಜಾಕಿ ಕೊಡುವ ಜಾಗಗಳಲ್ಲಿಯೂ ಹಿಂದಿನ ಲೀಫ್ ಸ್ಪ್ರಿಂಗುಗಳು ತಳಕ್ಕೆ ಸೇರುವ ಕಡೆಯೂ ತಗಡು ತೆಳುವಾಗಿದೆ. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲದಿರುವುದರಿಂದ ಭಾರವನ್ನೆಲ್ಲ ತಳದ ತಗಡು ಮತ್ತು ಪೆಟ್ಟಿಗೆಯಾಕಾರದ ಭಾಗಗಳೇ ಹೊರಬೇಕು. ಆದ್ದರಿಂದ ಅಲ್ಲಿಗೆ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪ್ಲೇಟ್ ಬೆಸೆಸಿ ಬಲಪಡಿಸಬೇಕೆಂದಿದ್ದೇನೆ.

ನನ್ನ ಆತಂಕಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಎಡಗಡೆಯ ರನ್ನಿಂಗ್ ಬೋರ್ಡಿಗೆ, ಅಂದರೆ ಬಾಗಿಲುಗಳ ಕೆಳಗಿನ ಟೊಳ್ಳು ಪೆಟ್ಟಿಗೆಯಂತಹ ಭಾಗಕ್ಕೆ, ಪ್ಯಾಚ್ ಹೊಡೆಸಿದ್ದೆವು. ಹೊರಗಿನಿಂದ ಅದು ಇಂದಿಗೂ ಚೆನ್ನಾಗಿ ಕಾಣುತ್ತದೆ. ಸ್ಕ್ರೂಡ್ರೈವರಿನಿಂದ ಅಂಚನ್ನು ಎತ್ತಿ ನೋಡಿದರೆ ಹಿಂದಿನ ಮೂಲ ತಗಡು ಪುಡಿಯಾಗಿದೆ. ಕಾರು ಭದ್ರಾ ನಾಲೆಯ ಏರಿಯ ಮೇಲೆ ಗದ್ದೆಗೆ ಹೋಗಿಬರುತ್ತದೆ, ಮಳೆಗಾಲದಲ್ಲಿ ತಳಕ್ಕೆಲ್ಲ ಎರೆಮಣ್ಣು ಮೆತ್ತಿಕೊಳ್ಳುತ್ತದೆ. ಎರಡು ತಗಡುಗಳ ನಡುವೆ ಬೆಸುಗೆಗೆ ಮೊದಲು ಏನು ಹಚ್ಚಬೇಕು, ಬ್ರಷ್ ತಲುಪದ ಒಳಭಾಗವನ್ನು ಹೇಗೆ ಕಾಪಾಡಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಬೆಸುಗೆ_ಚಿತ್ರದುರ್ಗ:

ನಮಸ್ಕಾರ ಸರ್. ನಿಮ್ಮ ರನ್ನಿಂಗ್ ಬೋರ್ಡಿಗೆ ಆಗಿರುವುದೇ ಹಳೆಯ ಕಾರುಗಳಿಗೆ ಸಾಮಾನ್ಯವಾಗಿ ಆಗುವುದು. ಕಣ್ಣಿಗೆ ಕಾಣುವ ಬೆಸುಗೆಯ ಮೇಲೆ ಎಲ್ಲರೂ ಬಣ್ಣ ಬಳಿಯುತ್ತಾರೆ, ಆದರೆ ತುಕ್ಕು ಹುಟ್ಟುವುದು ಅದರ ಹಿಂಬದಿಯಲ್ಲಿ. ಬೆಸುಗೆಯ ಕಾವಿಗೆ ಪೆಟ್ಟಿಗೆಯ ಒಳಗಿದ್ದ ಹಳೆಯ ಬಣ್ಣವೂ ಸುಟ್ಟುಹೋಗಿ ಬರಿಯ ಕಬ್ಬಿಣ ಗಾಳಿಗೂ ತೇವಕ್ಕೂ ತೆರೆದುಕೊಳ್ಳುತ್ತದೆ. ಅದರ ಜೊತೆಗೆ, ಒಂದರ ಮೇಲೊಂದು ಕೂತ ತಗಡುಗಳ ಸಂದು, ಬತ್ತಿ ಎಣ್ಣೆಯನ್ನು ಹೀರುವಂತೆ ನೀರನ್ನು ಒಳಕ್ಕೆ ಎಳೆದುಕೊಂಡು ಆರಗೊಡದೆ ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ, ಬೆಸೆದ ಮೇಲೆ ಈ ಜಾಗದ ಹಿಂಬದಿಯನ್ನು ಯಾವ ದಾರಿಯಿಂದ ತಲುಪುತ್ತೇನೆ ಎಂಬುದನ್ನು ಪ್ಲೇಟ್ ಕತ್ತರಿಸುವುದಕ್ಕೂ ಮೊದಲೇ ನಿರ್ಧರಿಸಿಕೊಳ್ಳಬೇಕು.

ತುಕ್ಕು ಹಿಡಿದ ತಗಡಿನ ಮೇಲೆಯೇ ಪ್ಲೇಟ್ ಕೂರಿಸಲು ಯಾರೇ ಹೇಳಿದರೂ ಒಪ್ಪಬೇಡಿ. ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕೊಳೆತ ಭಾಗವನ್ನು ಗ್ರೈಂಡರಿನಿಂದ ಕತ್ತರಿಸಿ ತೆಗೆಸಿ. ಪ್ಲೇಟ್ ದಪ್ಪವಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ತೆಳು ತಗಡಿಗೆ ಅತಿ ದಪ್ಪ ಪ್ಲೇಟ್ ಸೇರಿಸಿದರೆ ಅಲುಗಾಟದ ಒತ್ತಡವೆಲ್ಲ ಪ್ಲೇಟಿನ ಅಂಚಿನಲ್ಲಿ ಸೇರಿ, ಅಲ್ಲಿ ತಗಡು ಬಿರುಕು ಬಿಟ್ಟು, ಬಣ್ಣ ಒಡೆದು ನೀರು ಒಳಹೋಗುತ್ತದೆ. ಗಟ್ಟಿಯಾಗಿರುವ ಭಾಗದ ದಪ್ಪವನ್ನು ಅಳೆದು ಅದಕ್ಕಿಂತ ಸ್ವಲ್ಪವೇ ದಪ್ಪನೆಯದನ್ನು ಆರಿಸಿ. ತಳದ ಕೆಲಸಕ್ಕೆ ಸಾಮಾನ್ಯವಾಗಿ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ., ಅಥವಾ 16 ಗೇಜ್, ಅಂದರೆ ಸುಮಾರು 1.6 ಮಿ.ಮೀ. ಸಾಕಾಗುತ್ತದೆ. ಪ್ಲೇಟಿನ ಮೂಲೆಗಳನ್ನು ಗುಂಡಗೆ ಮಾಡಿಸಿ.

ತಗಡುಗಳ ನಡುವೆ ಹಚ್ಚಲು ಸತುವಿನ ಪುಡಿ ತುಂಬಿದ ವೆಲ್ಡ್ ಥ್ರೂ ಪ್ರೈಮರ್ (ಬೆಸುಗೆಗೆ ಮೊದಲೇ ಹಚ್ಚುವ ತಳಬಣ್ಣ) ಸಿಗುತ್ತದೆ. ಅದನ್ನು ಎರಡೂ ಮುಖಗಳಿಗೆ ತೆಳುವಾಗಿ ಹೊಡೆದು, ಬೆಸುಗೆ ಬೀಳುವ ಗೆರೆಯಲ್ಲಿ ಮಾತ್ರ ಕೆರೆದು ತೆಗೆಯಬೇಕು. ಕಬ್ಬಿಣ ಕರಗುವುದು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಹೀಗಾಗಿ ಬೆಸುಗೆಯ ಗೆರೆಯಲ್ಲಿ ಅದು ಉಳಿಯುವುದೂ ಇಲ್ಲ, ಬೆಸುಗೆಯಲ್ಲಿ ರಂಧ್ರಗಳನ್ನೂ ಮಾಡುತ್ತದೆ. ಅಕ್ಕಪಕ್ಕದಲ್ಲಿ ಉಳಿದದ್ದು ಮಾತ್ರ ಕಬ್ಬಿಣವನ್ನು ಕಾಯುತ್ತದೆ. ಜಿಐ ಶೀಟ್ (ಸತುವಿನ ಲೇಪವಿರುವ ತಗಡು) ಬಳಸುವವರೂ ಇದೇ ಕಾರಣಕ್ಕೆ ಅಂಚಿನ ಸತುವನ್ನು ಉಜ್ಜಿ ತೆಗೆಯಬೇಕು. ಅದರ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಏನೂ ಆಗುವುದಿಲ್ಲವೆಂದು ನಮ್ಮ ಕಸುಬಿನಲ್ಲಿ ಬಹಳ ಮಂದಿ ನಂಬಿದ್ದಾರೆ, ಅದು ನಿಜವಲ್ಲ. ಗಾಳಿಯಾಡುವ ಜಾಗ ಮತ್ತು ಸರಿಯಾದ ಮುಖಗವಸು ಬೇಕು.

ಕಡ್ಡಿ ಹಿಡಿದು ಮಾಡುವ ಆರ್ಕ್ ವೆಲ್ಡಿಂಗ್ ಈ ತಗಡಿಗೆ ಬೇಡ, ತೂತು ಬೀಳುತ್ತದೆ. ಸಿಒಟೂ ವೆಲ್ಡಿಂಗಿನಲ್ಲಿ (ಇಂಗಾಲದ ಡೈಆಕ್ಸೈಡ್ ಅನಿಲದ ರಕ್ಷಣೆಯಲ್ಲಿ ತಂತಿಯಿಂದ ಬೆಸೆಯುವ ವಿಧಾನ) 0.8 ಮಿ.ಮೀ. ತಂತಿ ಹಾಕಿ, ಒಂದು ಅಂಗುಲದಷ್ಟು ಬೆಸೆದು, ಎದುರಿನ ಬದಿಗೆ ಹೋಗಿ, ಮೊದಲಿನದು ಆರಿದ ಮೇಲೆ ಮರಳಿ ಬಂದು ಸುತ್ತಲೂ ಮುಚ್ಚಬೇಕು. ಒಂದೇ ಸಮನೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಕೆಲಸಕ್ಕೆ ಮುಂಚೆ ಬ್ಯಾಟರಿ ಕಳಚುವುದನ್ನೂ ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರ ಇಡುವುದನ್ನೂ ನೀವೇ ನಿಂತು ಖಾತರಿ ಮಾಡಿಕೊಳ್ಳಿ.

ಬಣ್ಣದಂಗಡಿ_ಹರಿಹರ:

ಮೇಲಿನವರು ಹೇಳಿದ್ದಕ್ಕೆ ಬಣ್ಣದ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ಸಿಒಟೂ ಬೆಸುಗೆಯ ಮೇಲೆ ಗಾಜಿನಂತಹ ಕಂದು ಚುಕ್ಕೆಗಳು ಉಳಿಯುತ್ತವೆ. ಅವುಗಳ ಮೇಲೆ ಬಣ್ಣ ಹಿಡಿಯದು, ಸಣ್ಣ ಅಲುಗಾಟಕ್ಕೇ ಚಕ್ಕೆ ಏಳುತ್ತದೆ. ತಂತಿ ಬ್ರಷ್ಷಿನಿಂದ ಅವನ್ನು ಪೂರ್ತಿ ಕಿತ್ತು, ಥಿನ್ನರಿನಿಂದ ಒರೆಸಿ, ಅದೇ ದಿನ, ಎರಡು ಡಬ್ಬಿಗಳಲ್ಲಿ ಬರುವುದನ್ನು ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಬಣ್ಣಕ್ಕೆ ಮೊದಲು ಮೇಲ್ಮೈ ಸಮ ಮಾಡಲು ಹೊಡೆಯುವ ಸಾಮಾನ್ಯ ಸರ್ಫೇಸರ್ ತೇವವನ್ನು ಹೀರಿಕೊಳ್ಳುವುದರಿಂದ ತಳಕ್ಕೆ ಅದು ಪ್ರಯೋಜನವಿಲ್ಲ.

ಪ್ರೈಮರ್ ಒಣಗಿದ ನಂತರ ಪ್ಲೇಟಿನ ಅಂಚಿನ ಸುತ್ತ ಪಾಲಿಯುರಿಥೇನ್ ಸೀಮ್ ಸೀಲರ್ (ಸಂದು ಮುಚ್ಚುವ ಅಂಟು) ಎಳೆಯಿರಿ. ಸೀಲರನ್ನು ಬರಿಯ ಕಬ್ಬಿಣದ ಮೇಲೆ ಹಾಕಬಾರದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆಯ ಸಿಲಿಕೋನ್ ಟ್ಯೂಬನ್ನಂತೂ ಇಲ್ಲಿ ಬಳಸಲೇಬೇಡಿ, ಏಕೆಂದರೆ ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ ಮತ್ತು ಆ ಆಮ್ಲವೇ ಕಬ್ಬಿಣವನ್ನು ತಿನ್ನುತ್ತದೆ. ಡಾಂಬರಿನಂತಹ ಕಪ್ಪು ಕೋಟಿಂಗನ್ನು ನೇರವಾಗಿ ಬಳಿದು ಕೆಲಸ ಮುಗಿಯಿತೆನ್ನುವುದೂ ಅಪಾಯಕಾರಿ. ವರ್ಷಗಳು ಕಳೆದಂತೆ ಅದು ಗಡುಸಾಗಿ ಬಿರಿಯುತ್ತದೆ, ಬಿರುಕಿನಿಂದ ಹೋದ ನೀರು ಅದರ ಅಡಿಯಲ್ಲೇ ನಿಲ್ಲುತ್ತದೆ, ಮತ್ತು ತುಕ್ಕು ಹೊರಗೆ ಕಾಣುವುದೇ ಇಲ್ಲ.

ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಈ ಕೆಲಸ ಮಾಡಿಸಿದರೆ ಉತ್ತಮ. ವಾಟರ್ ಸರ್ವಿಸ್ ಮಾಡಿಸಿ, ಸಂದುಗಳಲ್ಲಿ ಕೂತ ಎರೆಮಣ್ಣನ್ನು ಕೆದಕಿ ತೆಗೆಸಿ, ಕೆಲವು ದಿನ ಬಿಸಿಲಿಗೆ ನಿಲ್ಲಿಸಿ. ಆ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಬಹಳ ದಿನ ತೇವವನ್ನು ಹಿಡಿದಿರುತ್ತದೆ.

ಪದ್ಮಿನಿ_ಕೆಎ17:

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ: ರನ್ನಿಂಗ್ ಬೋರ್ಡಿನ ಒಳಭಾಗಕ್ಕೆ ಬೆಸುಗೆಯ ನಂತರ ಹಳೆಯ ಎಂಜಿನ್ ಆಯಿಲ್ ಸುರಿದರೆ ಸಾಕೆಂದು ಒಬ್ಬರು ಹೇಳಿದರು. ಅದು ಸರಿಯೇ? ಒಳಗೆ ಹೋಗಲು ತೂತು ಕೊರೆದರೆ ಬಲ ಕುಂದುವುದಿಲ್ಲವೇ?

ಬೆಸುಗೆ_ಚಿತ್ರದುರ್ಗ:

ಹಳೆಯ ಆಯಿಲ್ ಬೇಡ ಸರ್. ಅದರಲ್ಲಿ ಎಂಜಿನ್ ಉರಿಯುವಿಕೆಯಿಂದ ಬಂದ ಆಮ್ಲವೂ ತೇವವೂ ಇರುತ್ತವೆ, ಬೇಸಿಗೆಯಲ್ಲಿ ಸೋರಿ ನಿಮ್ಮ ಗದ್ದೆಯ ಮಣ್ಣಿಗೇ ಸೇರುತ್ತದೆ. ಕ್ಯಾವಿಟಿ ವ್ಯಾಕ್ಸ್ ಎಂಬ ಮೇಣವನ್ನು ಉದ್ದನೆಯ ಕೊಳವೆಯಿಂದ ಒಳಗೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಅದು ತೆಳುವಾಗಿ ಹರಿದು ಸಂದುಗಳಿಗೂ ಸೇರಿಕೊಳ್ಳುತ್ತದೆ. ಮೊದಲು ಈಗಿರುವ ತೂತುಗಳನ್ನೇ ಬಳಸಿಕೊಳ್ಳಿ. ಹೊಸದು ಬೇಕೇ ಆದರೆ ಅಂಚಿನಿಂದಲೂ ಬೆಸುಗೆಯಿಂದಲೂ ದೂರದಲ್ಲಿ 8 ಮಿ.ಮೀ. ಸಾಕು. ಅದರ ಅಂಚಿಗೆ ಪ್ರೈಮರ್ ಹಚ್ಚಿ, ಸಿಂಪಡಿಸಿದ ಮೇಲೆ ರಬ್ಬರ್ ಬಿರಡೆಯಿಂದ ಮುಚ್ಚಿ. ಆದರೆ ತಳಬದಿಯ ನೀರು ಇಳಿಯುವ ತೂತುಗಳನ್ನು ಪ್ಲೇಟಾಗಲಿ ಸೀಲರಾಗಲಿ ಮೇಣವಾಗಲಿ ಮುಚ್ಚಬಾರದು. ಮೇಣ ಉರಿಯುವ ವಸ್ತುವಾದ್ದರಿಂದ ಎಲ್ಲ ಬೆಸುಗೆಯೂ ಮುಗಿದು ಲೋಹ ಪೂರ್ತಿ ಆರಿದ ಮೇಲೆಯೇ ಅದನ್ನು ಹೊಡೆಸಿ, ಮತ್ತು ಮುಂದೆ ಯಾವ ಗ್ಯಾರೇಜಿನಲ್ಲಿ ಆ ಭಾಗಕ್ಕೆ ಬೆಸುಗೆ ಮಾಡಿಸಿದರೂ ಒಳಗೆ ಮೇಣವಿದೆಯೆಂದು ಮೊದಲೇ ತಿಳಿಸಿ.