ಸಹಾಯ ಬೇಕು: ಸ್ಟೀಮ್ ಏರಿದ ಮೇಲೆ ರೆಗ್ಯುಲೇಟರ್ ಬಿಗಿ ಆಗ್ತಿದೆ

ನಮಸ್ಕಾರ, ಚಿಕ್ಕಬಳ್ಳಾಪುರದಿಂದ. ನಮ್ಮೂರಿಗೆ ಬರ್ತಿದ್ದ ಹಳೇ ನ್ಯಾರೋಗೇಜ್ ರೈಲಿನ ಮೇಲಿನ ಪ್ರೀತಿಗೆ 45 ಮಿ.ಮೀ. ಗೇಜಿನ (ಹಳಿಗಳ ನಡುವಿನ ಅಂತರ) ಪುಟ್ಟ ಸ್ಟೀಮ್ ಇಂಜಿನ್ ಕಟ್ಟಿದ್ದೀನಿ. ತಾಮ್ರದ ಬಾಯ್ಲರ್, ಬ್ಯುಟೇನ್ ಬರ್ನರ್, 2.4 ಗಿಗಾಹರ್ಟ್ಸ್ ರೇಡಿಯೋ ಕಂಟ್ರೋಲ್. ತಣ್ಣಗಿದ್ದಾಗ ಸರ್ವೋ (ರೇಡಿಯೋ ಹೇಳಿದಂತೆ ತಿರುಗೋ ಪುಟ್ಟ ಮೋಟಾರ್) ರೆಗ್ಯುಲೇಟರನ್ನ, ಅಂದ್ರೆ ಇಂಜಿನ್‌ಗೆ ಸ್ಟೀಮ್ ಬಿಡೋ ಕವಾಟವನ್ನ, ಸಲೀಸಾಗಿ ತಿರುಗಿಸುತ್ತೆ. ಒತ್ತಡ 40 ಪಿಎಸ್‌ಐ ಮುಟ್ಟಿದ್ರೆ ಸಾಕು, ಸರ್ವೋ ಗುಯ್ ಅಂತ ನಡುಗಿ ರೆಗ್ಯುಲೇಟರ್ ಲಿವರ್ ಅರ್ಧಕ್ಕೇ ನಿಲ್ಲುತ್ತೆ. ಓಡ್ತಿರೋ ಇಂಜಿನ್ ನಿಲ್ಲಿಸೋಕೇ ಆಗಲ್ಲ, ಭಯ ಆಗುತ್ತೆ.

ಬ್ಯಾಟರಿ ಬದಲಿಸಿದೆ, ರಿಸೀವರನ್ನ ಬಾಯ್ಲರ್‌ನಿಂದ ದೂರ, ಇಂಜಿನ್ ಹಿಂದಿನ ಟೆಂಡರ್ ಗಾಡಿಯಲ್ಲಿಟ್ಟೆ. ಏನೂ ವ್ಯತ್ಯಾಸವಿಲ್ಲ. ಸರ್ವೋನ ರೆಗ್ಯುಲೇಟರ್‌ಗೆ ಜೋಡಿಸೋ ಲಿಂಕ್ ಕಡ್ಡಿ ಬಿಚ್ಚಿದ್ರೆ ಬಿಸಿಯಲ್ಲೂ ಸರ್ವೋ ಚೆನ್ನಾಗೇ ತಿರುಗುತ್ತೆ. ರೆಗ್ಯುಲೇಟರ್ ಮಾತ್ರ ಕೈಯಲ್ಲಿ ತಿರುಗಿಸಿದ್ರೂ ಬಿಗಿ. ಗ್ಲ್ಯಾಂಡ್ ನಟ್ (ರೆಗ್ಯುಲೇಟರ್ ಕಡ್ಡಿಯ ಸುತ್ತ ಸ್ಟೀಮ್ ಸೋರದಂತೆ ಒಳಗಿನ ದಾರವನ್ನ ಒತ್ತಿ ಹಿಡಿಯೋ ನಟ್) ಸಡಿಲಿಸಿದ್ರೆ ಸ್ಟೀಮ್ ಸೋರುತ್ತೆ, ಬಿಗಿ ಮಾಡಿದ್ರೆ ಮತ್ತೆ ಅದೇ ಕಥೆ. ಒಳಗಿರೋದು ಗ್ರಾಫೈಟ್ ದಾರ.

ಇಂಥದ್ದು ಕಟ್ಟಿದವರು ಹೇಳಿ: ದಾರ ತೆಗೆದು ವಿಟಾನ್ ಓ-ರಿಂಗ್ (ಬಿಸಿ ತಡೆಯೋ ರಬ್ಬರ್ ಬಳೆ) ಹಾಕಲಾ, ಅಥವಾ ದಾರವನ್ನ ಹಾಗೇ ಬಿಟ್ಟು ಇನ್ನೂ ಬಲವಾದ ಮೆಟಲ್ ಗೇರ್ ಸರ್ವೋ ಕೂರಿಸಲಾ?