ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೂ ಮುಟ್ಟಿದ್ದು ತಿಳಿಯುವುದೇಕೆ?

ಪ್ರಶ್ನೆ (ಮೂಡಿಗೆರೆಯಿಂದ): ನಮಸ್ಕಾರ ಡಾಕ್ಟರೇ. ನನ್ನ ತಂದೆಗೆ ಕಳೆದ ತಿಂಗಳು ಬಲಗಡೆಯ ಹರ್ನಿಯಾ ಶಸ್ತ್ರಚಿಕಿತ್ಸೆ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಕೂಡಲೇ ಕಾಲು ಬೆಚ್ಚಗಾಯಿತಂತೆ. ನೋವಿರಲಿಲ್ಲ, ಆದರೆ ಯಾರೋ ಒಳಗೆ ಎಳೆಯುತ್ತಿರುವುದು ತಿಳಿಯುತ್ತಿತ್ತಂತೆ. ಮೊದಲು ಸ್ವಲ್ಪ ಹೊತ್ತು ಹೆಬ್ಬೆರಳನ್ನೂ ಆಡಿಸಿದರಂತೆ. ಔಷಧ ಸರಿಯಾಗಿ ಹಿಡಿದಿರಲಿಲ್ಲವೇ? ಈ ಭಯಕ್ಕೆ ಎಡಗಡೆಯದಕ್ಕೆ ಒಪ್ಪುತ್ತಲೇ ಇಲ್ಲ.

ಉತ್ತರ (ಅರಿವಳಿಕೆ ವೈದ್ಯ, ಹಾಸನ): ಔಷಧ ಚೆನ್ನಾಗಿಯೇ ಹಿಡಿದಿತ್ತು. ನಿಮ್ಮ ತಂದೆ ಹೇಳಿದ ಪ್ರತಿಯೊಂದು ಮಾತಿಗೂ ಕಾರಣವಿದೆ.

ಒಂದು ನರದೊಳಗೆ ಬೇರೆ ಬೇರೆ ದಪ್ಪದ ತಂತುಗಳು ಒಟ್ಟಿಗೆ ಸಾಗುತ್ತವೆ. ಇವನ್ನು ವಿಂಗಡಿಸಿದ ಅಮೆರಿಕದ ವಿಜ್ಞಾನಿಗಳು ಅರ್ಲಾಂಗರ್ ಮತ್ತು ಗ್ಯಾಸರ್ ಅವರಿಗೆ 1944ರಲ್ಲಿ ನೊಬೆಲ್ ಬಂತು. ಸ್ನಾಯುವನ್ನು ಆಡಿಸುವ ಎ-ಆಲ್ಫಾ ತಂತು 12ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ. ಅದರ ಸುದ್ದಿ ಸೆಕೆಂಡಿಗೆ 100 ಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಉರಿನೋವಿನ ಸಿ ತಂತು ಸುಮಾರು ಒಂದು ಮೈಕ್ರಾನ್, ಕೊಬ್ಬಿನ ಹೊದಿಕೆಯೂ ಇಲ್ಲ. ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ದಾಟುವುದಿಲ್ಲ.

ಹೊದಿಕೆಯಿರುವ ತಂತುವಿನಲ್ಲಿ ಅಲ್ಲಲ್ಲಿ ತೆರೆದ ಗೆಣ್ಣುಗಳಿರುತ್ತವೆ. ಮಳೆಗಾಲದಲ್ಲಿ ನಾವು ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ಹಾರಿ ದಾಟುವಂತೆ ಸುದ್ದಿಯೂ ಗೆಣ್ಣಿನಿಂದ ಗೆಣ್ಣಿಗೆ ಹಾರುತ್ತದೆ. ಒಂದೆರಡು ಕಲ್ಲು ಮುಳುಗಿದರೂ ದಾಟೀತು. ಸುದ್ದಿ ನಿಲ್ಲಬೇಕಾದರೆ ಔಷಧದಲ್ಲಿ ಸಾಲಾಗಿ ಸುಮಾರು ಮೂರು ಗೆಣ್ಣು ಮುಳುಗಬೇಕು. ತೆಳುವಾದ ತಂತುವಿನಲ್ಲಿ ಗೆಣ್ಣುಗಳು ಹತ್ತಿರ ಹತ್ತಿರ ಇರುವುದರಿಂದ ಸ್ವಲ್ಪ ಉದ್ದಕ್ಕೆ ಔಷಧ ತಾಗಿದರೂ ಸಾಕು. ದಪ್ಪ ತಂತುವಿಗೆ ಹೆಚ್ಚು ಉದ್ದ ಬೇಕು. ದಪ್ಪವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ, ಆದರೂ ಮಂಚದ ಪಕ್ಕದಲ್ಲಿ ನಾವು ದಿನವೂ ಕಾಣುವ ಸರದಿ ಹೆಚ್ಚುಕಡಿಮೆ ಇದೇ: ಮೊದಲು ರಕ್ತನಾಳಗಳನ್ನು ಬಿಗಿಹಿಡಿಯುವ ಬಿ ತಂತುಗಳು ಸೋಲುತ್ತವೆ. ಕಾಲು ಬೆಚ್ಚಗಾಗುವುದೂ ರಕ್ತದೊತ್ತಡ ಇಳಿಯುವುದೂ ಅದರಿಂದಲೇ. ಬಳಿಕ ನೋವು ಮತ್ತು ತಣ್ಪು, ಆಮೇಲೆ ಸ್ಪರ್ಶ, ಕೊನೆಗೆ ಚಲನೆ.

ಶಸ್ತ್ರಚಿಕಿತ್ಸೆಗೆ ಮುನ್ನ ನಾವು ಸ್ಪಿರಿಟ್ ಹತ್ತಿಯನ್ನು ಹೊಟ್ಟೆಗೆ ತಾಗಿಸಿ "ತಣ್ಣಗಿದೆಯೇ?" ಎಂದು ಕೇಳುತ್ತೇವೆ. "ಒದ್ದೆ ಗೊತ್ತಾಗುತ್ತದೆ, ತಣ್ಣಗಿಲ್ಲ" ಎಂದರೆ ನನಗೆ ನೆಮ್ಮದಿ. ತಣ್ಪೂ ನೋವೂ ಹೆಚ್ಚುಕಡಿಮೆ ಒಂದೇ ಜಾತಿಯ ತೆಳು ತಂತುಗಳಲ್ಲಿ ಬರುತ್ತವೆ.

ತಂದೆಯವರಿಗೆ ಹೇಳಿ: ಎಳೆದಂತೆ ಅನಿಸಿದರೆ ಹೆದರುವುದು ಬೇಡ. ನೋವೆನಿಸಿದರೆ ಮಾತ್ರ ಸಹಿಸಿಕೊಂಡು ಮಲಗಬಾರದು, ಆ ಕ್ಷಣವೇ ಬಾಯಿಬಿಟ್ಟು ಹೇಳಬೇಕು. ತಲೆಯ ಬಳಿ ಕುಳಿತಿರುವವರು ಅದಕ್ಕಾಗಿಯೇ ಇರುತ್ತಾರೆ.

ಪ್ರಶ್ನೆ (ಆಲೂರಿನಿಂದ): ಚಕ್ಕಳಮಕ್ಕಳ ಹಾಕಿ ಕುಳಿತಾಗ ಕಾಲು ಜೋಮು ಹಿಡಿಯುವುದೂ ಹೀಗೆಯೇ, ಸರ್?

ಉತ್ತರ: ಅಲ್ಲಿ ಸರದಿ ತಿರುವುಮುರುವು. ಒತ್ತಡಕ್ಕೆ ಮೊದಲು ಸೋಲುವುದು ದಪ್ಪ ತಂತು, ಕೊನೆಗೆ ಸಿ. ಹಾಗಾಗಿ ಪಾದ ಎಲ್ಲಿದೆಯೆಂದೇ ತಿಳಿಯದಿದ್ದರೂ ಜೋರಾಗಿ ಚಿವುಟಿದರೆ ಉರಿ ತಿಳಿಯುತ್ತದೆ. ಜೋಮು ಬಿಡುವ ಮೊದಲೇ ಎದ್ದು ಹೆಜ್ಜೆಯಿಟ್ಟರೆ ಕಾಲು ಹೊರಳುತ್ತದೆ. ಗೋಡೆ ಹಿಡಿದುಕೊಂಡು ನಿಲ್ಲಿ.